ನಲವತ್ತು ಪರಸಿ

ಭುವನೇಶ್ವರಿಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಕೈ ಮಾತಾಡುತ್ತದೆ. ಗಾಲಿಕುರ್ಚಿಯ ಬ್ರೇಕು ಹಾಕುತ್ತಾಳೆ, ತೆಗೆಯುತ್ತಾಳೆ, ಮತ್ತೆ ಹಾಕುತ್ತಾಳೆ. ಟಕ್, ಟಕ್. ಚಿತ್ತಾಪುರದ ಆ ಮನೆಯಲ್ಲಿ ಈ ಸದ್ದು ಕೇಳಿತೆಂದರೆ ತಾಯಿ ಶರಣಬಸಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಅಡುಗೆಮನೆಯಿಂದಲೇ "ಏನಾತವ್ವಾ?" ಎಂದು ಕೂಗುತ್ತಾಳೆ. ಏನಾಗಿದೆ ಎಂದು ಅವಳಿಗೆ ಗೊತ್ತಿಲ್ಲವೆಂದಲ್ಲ. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಎರಡನೇ ವಯಸ್ಸಿಗೆ ಬಂದ ಒಂದು ಜ್ವರ ಅವಳ ಎರಡೂ ಕಾಲುಗಳನ್ನು ಒಯ್ದಿತ್ತು. ಅದರ ಸಿಟ್ಟು ಅಲ್ಲ ಇದು. ಅದೆಲ್ಲ ಹಳೆಯ ಮಾತು, ಅದಕ್ಕೆ ಅತ್ತು ಕರೆದು ಮುಗಿಸಿಯಾಗಿತ್ತು. ಈಗ ಅವಳಿಗೆ ತಾಲೂಕು ಕಚೇರಿಯಲ್ಲಿ ನೌಕರಿ ಇದೆ. ಗೇಟಿನ ಹೊರಗೆ ತಗಡಿನ ನೆರಳಲ್ಲಿ ಮೂರು ಗಾಲಿಯ ಸ್ಕೂಟರ್ ಇದೆ. ಕಚೇರಿಯಲ್ಲಿ ಇನ್ನೊಂದು ಗಾಲಿಕುರ್ಚಿ ಇಟ್ಟುಕೊಂಡಿದ್ದಾಳೆ. ಇಷ್ಟೆಲ್ಲ ಇದ್ದೂ ಮನೆಯ ಬಾಗಿಲಿಗೂ ಆ ಗೇಟಿಗೂ ನಡುವೆ ಮೂವತ್ತು ಅಡಿ ಕರಿಮಣ್ಣಿನ ಅಂಗಳ ಬಿದ್ದುಕೊಂಡಿತ್ತು. ಒಣಗಿದಾಗ ಕೈ ತೂರುವಷ್ಟು ಬಿರುಕು, ನೆನೆದಾಗ ಚಪ್ಪಲಿ ಕಿತ್ತುಕೊಳ್ಳುವ ಅಂಟು. ಬಾಗಿಲು ನೆಲದಿಂದ ಒಂದೂವರೆ ಅಡಿ ಎತ್ತರ. ಅಲ್ಲಿ ಮಣ್ಣು ಸುರಿದು ಮಾಡಿದ್ದ ಒಂದು ಏರು ಇತ್ತು. ಮಳೆ ಬಂದಾಗಲೆಲ್ಲ ಅರ್ಧ ಕೊಚ್ಚಿಕೊಂಡು ಹೋಗುತ್ತಿತ್ತು.

ಹಾಗಾಗಿ ದಿನಾ ಮುಂಜಾನೆ ತಮ್ಮ ಸಂತೋಷಕುಮಾರ ಅವಳನ್ನು ಎತ್ತಿಕೊಂಡು ಹೋಗಿ ಸ್ಕೂಟರಿನ ಮೇಲೆ ಕೂಡಿಸಬೇಕು, ಸಂಜೆ ಎತ್ತಿಕೊಂಡು ಬರಬೇಕು. ಜೋಳದ ಚೀಲ ಎತ್ತಿದ ಹಾಗೆ. ಎದುರು ಮನೆಯವರು ಹಲ್ಲುಜ್ಜುತ್ತ ನೋಡುತ್ತ ನಿಂತಿರುತ್ತಾರೆ. ಸೀರೆ ಸರಿದರೆ ಸರಿಮಾಡಿಕೊಳ್ಳಲು ಕೈ ಖಾಲಿ ಇರುವುದಿಲ್ಲ, ಎರಡೂ ಕೈ ತಮ್ಮನ ಕೊರಳಿಗೆ ಬಿದ್ದಿರುತ್ತವೆ. ಹೋದ ಮಳೆಗಾಲದಲ್ಲಿ ಒಮ್ಮೆ ಅವನ ಕಾಲು ಜಾರಿ ಇಬ್ಬರೂ ಕೆಸರಿಗೆ ಬಿದ್ದರು. ಎದುರು ಮನೆಯಾಕೆ "ಅಯ್ಯೋ ಪಾಪ" ಎಂದಳು. ಮೂವತ್ತು ದಾಟಿದ ಹೆಂಗಸು, ಸರಕಾರಿ ನೌಕರಿಯವಳು, ದಿನಕ್ಕೆ ಎರಡು ಸಲ ಹಸುಗೂಸಾಗಬೇಕು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ, ಹೇಳಿ?

ಅದಕ್ಕೆ ತಕ್ಕಂತೆ ಸಂತೋಷನಿಗೆ ವಾಡಿಯ ಫ್ಯಾಕ್ಟರಿಯಲ್ಲಿ ಪಾಳಿ ಬದಲಾಯಿತು. ಮುಂದಿನ ತಿಂಗಳಿನಿಂದ ಅವನು ನಸುಕಿನಲ್ಲೇ ಮನೆ ಬಿಡಬೇಕು. ತಂದೆ ಮಡಿವಾಳಯ್ಯನಿಗೆ ಸೊಂಟ ನೋವು, ತಾಯಿಯ ಕೈಯಲ್ಲಿ ಬಲವಿಲ್ಲ. ಎತ್ತುವವರಿಲ್ಲ ಎಂದರೆ ಕಚೇರಿಯೂ ಇಲ್ಲ.

"ದಾರಿ ಮಾಡಿಸ್ರಿ. ಪರಸಿ ಹಾಕಿಸಿ, ಬಾಗಲದಿಂದ ಗೇಟಿನ ತನಕ. ನಾ ಹೋಗ್ತೀನಿ, ನಾ ಬರ್ತೀನಿ. ಯಾರೂ ಎತ್ತೂದು ಬ್ಯಾಡ" ಎಂದಳು ಭುವನೇಶ್ವರಿ.

ಪರಸಿ ಎಂದರೆ ಅವರ ಕಡೆ ಶಹಾಬಾದಿನ ಹಾಸುಗಲ್ಲು. ಆ ಸೀಮೆಯಲ್ಲಿ ಮನೆಯ ನೆಲ ಪರಸಿ, ಗೋಡೆಯ ಗೂಡು ಪರಸಿ, ಅರ್ಧ ಊರಿನ ಮಾಳಿಗೆಯೂ ಪರಸಿ. ಮಡಿವಾಳಯ್ಯನಂತೂ ಒಂದು ಪರಸಿ ಪಾಲಿಶ್ ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಅವನು ನಕ್ಕ.

"ಆತು, ಹಾಕ್ಸೋಣು. ಒಂದು ಟ್ರಾಕ್ಟರ್ ಕಲ್ಲು ಹೇಳ್ತೀನಿ, ಮುಗೀತು."

"ಒಂದು ಟ್ರಾಕ್ಟರ್ ಅಂದ್ರ ಎಷ್ಟು?"

"ಪರಸಿ ನಾಡಿನಾಗ ಹುಟ್ಟಿ ಪರಸಿಗೆ ಲೆಕ್ಕ ಹಾಕ್ತಾರೇನವ್ವಾ? ಒಮ್ಮೆ ಕಣ್ಣಾಡಿಸಿದ್ರ ಗೊತ್ತಾಗ್ತದ ನನಗ."

ಅವರ ಕಡೆಯವರ ದೊಡ್ಡ ತಪ್ಪೇ ಇದು. ಕಲ್ಲಿನ ಮೇಲೆ ಹುಟ್ಟಿ ಕಲ್ಲಿನ ಮೇಲೆ ಸಾಯುವುದರಿಂದ ಕಲ್ಲೊಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅದರ ಕೆಳಗೆ ಏನು ಹಾಕಬೇಕು, ಅದರ ಮೇಲೆ ಯಾರು ಹೋಗಬೇಕು ಎಂಬುದು ಯಾರ ಅಂದಾಜಿನಲ್ಲೂ ಇರುವುದಿಲ್ಲ. ಕರಿಮಣ್ಣಿನ ಮೇಲೆ ನೇರ ಕಲ್ಲಿಟ್ಟು ಕೈ ತೊಳೆದುಕೊಳ್ಳುತ್ತಾರೆ, ಒಂದು ಮಳೆಗಾಲ ಕಳೆಯುವುದರೊಳಗೆ ಕಲ್ಲುಗಳು ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂತಿರುತ್ತವೆ. ನಡೆಯುವವರು ದಾಟಿಕೊಂಡು ಹೋಗುತ್ತಾರೆ. ಗಾಲಿ ದಾಟುತ್ತದೆಯೇ?

ಭುವನೇಶ್ವರಿ ತಾನೇ ಲೆಕ್ಕಕ್ಕೆ ಕೂತಳು. ಅಳತೆಗೆ ಅವಳಿಗೆ ಟೇಪು ಬೇಕಾಗಲಿಲ್ಲ. ಪಡಸಾಲೆಯ ನೆಲದ ಪರಸಿಗಳೆಲ್ಲ ಎರಡಡಿಯ ಚೌಕ. ಆ ನೆಲದ ಮೇಲೆ ಇಷ್ಟು ವರ್ಷ ಗಾಲಿ ಹೊರಳಿಸಿದವಳು ಅವಳು. ಸೀಮೆಸುಣ್ಣ ಹಿಡಿದು ಗೆರೆ ಎಳೆದು, ಕುರ್ಚಿಯನ್ನು ಅದರೊಳಗೆ ಓಡಿಸಿ ನೋಡಿದಳು. ನೇರ ಹೋಗಲು ಎರಡು ಕಲ್ಲಿನ ಅಗಲ ಸಾಕು. ಬಾಗಿಲು ದಾಟಿದ ಕೂಡಲೇ ನಿಂತು ತಿರುಗಲು ಮೂರು ಕಲ್ಲು ಉದ್ದ, ಮೂರು ಕಲ್ಲು ಅಗಲದ ಜಾಗ ಬೇಕು. ಗೇಟಿನ ಹತ್ತಿರ ಸ್ಕೂಟರಿಗೆ ಪಕ್ಕವಾಗಿ ನಿಲ್ಲಲು ಅಷ್ಟೇ ಜಾಗ. ನಡುವೆ ಉಳಿದದ್ದು ಪೂರ್ತಿ ಇಳಿಜಾರು, ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅದಕ್ಕಿಂತ ಕಡಿದಾದರೆ ಏರುವಾಗ ತೋಳು ಸೋಲುತ್ತವೆ, ಇಳಿಯುವಾಗ ಕುರ್ಚಿ ಕೈ ಮೀರುತ್ತದೆ. ಅವಳ ಅದೃಷ್ಟಕ್ಕೆ ಅಂಗಳದ ಉದ್ದ ಅದಕ್ಕೆ ಸರಿಯಾಗಿ ಹೊಂದಿತು. ಗೆರೆಯೊಳಗಿನ ಕಲ್ಲು ಎಣಿಸಿದರೆ ಮೂವತ್ತಾರು. ಒಡೆಯುವುದಕ್ಕೆ, ಅಂಚು ಕೊರೆಯುವುದಕ್ಕೆ ಇನ್ನು ನಾಲ್ಕು. ಒಟ್ಟು ನಲವತ್ತು.

"ಕರಿಮಣ್ಣು ಒಂದು ಗೇಣು ಅಗದು ತಗೀಬೇಕು. ಮುರುಂ ತುಂಬಿ ಕುಟ್ಟಬೇಕು. ಏರು ತುಂಬ್ಲಿಕ್ಕೂ ಮುರುಮೇ. ಕುಟ್ಟಿದ್ರ ಕುಂದರ್ತದ ಅದು, ಅದಕ್ಕ ಎರಡು ಟ್ರಾಲಿ ತುಂಬ, ಮ್ಯಾಲ ಅರ್ಧ. ಅದರ ಮ್ಯಾಲ ಎರಡು ಬೆರಳು ಉಸುಕು, ಆಮ್ಯಾಲ ಕಲ್ಲು. ಪಾಲಿಶ್ ಕಲ್ಲು ಬ್ಯಾಡ, ನೀರು ಬಿದ್ರ ಜಾರ್ತದ. ಒರಟು ಕಲ್ಲು ಬೇಕು" ಎಂದು ಅವಳು ಗೌಂಡಿ ಗುಲಾಮ ದಸ್ತಗೀರನಿಗೆ ನೆಲದ ಗೆರೆ ತೋರಿಸಿ ಹೇಳಿದಳು.

ದಸ್ತಗೀರ ಗಡ್ಡ ಕೆರೆದುಕೊಂಡು ಗೆರೆಗಳ ಸುತ್ತ ಒಂದು ಸುತ್ತು ಬಂದ. "ಬರಾಬರ್ ಅದ ಅಕ್ಕೋರ. ಹಿಂಗ ಹೇಳಿದ್ರ ನಮಗೂ ಕೆಲಸ ಹಗೂರ" ಎಂದ.

ಮಡಿವಾಳಯ್ಯನೂ ಹೂಂ ಎಂದ. ಮಾತ್ರವಲ್ಲ, ಎಂದೂ ಇಲ್ಲದ ಅಕ್ಕರೆ ಉಕ್ಕಿ ಬಂತು ಅವನಿಗೆ. "ಅಗಿಯೂದು ಕುಟ್ಟೂದು ಭಾಳ ಧೂಳಾಗ್ತದವ್ವಾ. ನೀ ಅಷ್ಟು ದಿನ ರಜಾ ಹಾಕಿ ಸೇಡಂದಾಗ ಚಿಕ್ಕವ್ವನ ಮನಿಯಾಗ ಇರು. ಮುಗದ ಮ್ಯಾಲ ಸಂತೋಷ ಬಂದು ಕರಕೊಂಡು ಬರ್ತಾನ. ಬಂದವಳೇ ಬರ್ರ್ ಅಂತ ನೀನೇ ಒಳಗ ಹೋಗುವಂತಿ."

ಆ 'ಬರ್ರ್' ಕೇಳಿ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಸೇಡಂನಲ್ಲಿ ಚಿಕ್ಕವ್ವನ ಮುಂದೆ ಆ ಮಾತನ್ನು ಮತ್ತೆ ಮತ್ತೆ ಹೇಳಿದಳು. ಸಂತೋಷ ಫೋನಿಗೆ ಫೋಟೋ ಕಳಿಸುತ್ತಿದ್ದ. ಅಗೆದ ಮಣ್ಣು, ಕೆಂಪು ಗರಸು ಮಣ್ಣಿನ ಮುರುಂ, ದಾರ ಹಿಡಿದು ಕೂತ ದಸ್ತಗೀರ, ಸಾಲಾಗಿ ಕೂತ ಬೂದಿ ಬಣ್ಣದ ಕಲ್ಲು. ಎಲ್ಲ ಗೇಟಿನ ಕಡೆಯವು. ಬಾಗಿಲಿನ ಫೋಟೋ ಒಂದೂ ಇರಲಿಲ್ಲ. ಅದು ಅವಳ ತಲೆಗೆ ಹೊಳೆಯಲೇ ಇಲ್ಲ. ಮನೆಯವರೇ ಮೋಸ ಮಾಡುತ್ತಾರೆಂದು ಯಾರ ತಲೆಗೆ ಹೊಳೆಯುತ್ತದೆ!

ಸಂತೋಷ ಬಾಡಿಗೆ ಕಾರಿನಲ್ಲಿ ಕರೆತಂದ. ಗೇಟಿನ ಮುಂದೆ ಕುರ್ಚಿಗೆ ಇಳಿದಳು. ಗಾಲಿ ಪರಸಿಯ ಮೇಲೆ ಬಿತ್ತು. ಆಹಾ, ಎಂಥ ಹಾಸು! ಒಂದು ಕಲ್ಲು ಅಲುಗುತ್ತಿರಲಿಲ್ಲ. ನಗುತ್ತ ಗಾಲಿ ನೂಕಿದಳು. ನಾಲ್ಕು ಸಲ ನೂಕಿದ ಮೇಲೆ ತೋಳಿಗೆ ಗೊತ್ತಾಯಿತು, ಏರು ಇನ್ನೂ ಶುರುವೇ ಆಗಿಲ್ಲವೆಂದು. ತಲೆಯೆತ್ತಿ ನೋಡಿದಳು. ದಾರಿ ಮಟ್ಟಸವಾಗಿ ಹೋಗಿ ಮನೆಯ ಬುಡಕ್ಕೆ ಮುಟ್ಟಿತ್ತು. ಅಲ್ಲಿ ಕನ್ನಡಿಯಂತೆ ಪಾಲಿಶ್ ಮಾಡಿದ ಕಪ್ಪು ಕಲ್ಲಿನ ಮೂರು ಮೆಟ್ಟಿಲು. ಮೆಟ್ಟಿಲಿನ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಹೊಸ ಕಟ್ಟೆ, ನಾಲ್ಕು ಜನ ಕಾಲು ಚಾಚಿ ಕೂರುವಷ್ಟು. ಹಳೆಯ ಮಣ್ಣಿನ ಏರೂ ಇರಲಿಲ್ಲ.

ಕುರ್ಚಿಯ ಕಾಲಿಡುವ ಪಟ್ಟಿ ಮೊದಲ ಮೆಟ್ಟಿಲಿಗೆ ಹೋಗಿ ಡಿಕ್ಕಿ ಹೊಡೆಯಿತು. ಟಕ್.

"ಇದೇನಿದು?"

ಮಡಿವಾಳಯ್ಯ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೇಳಿದ: "ಏನ್ ಮಾಡೂದವ್ವಾ, ನಿನ್ನ ಲೆಕ್ಕ ತಪ್ಪಿತ್ತು. ಕಲ್ಲು ಸಾಲಲಿಲ್ಲ. ಮುರುಮೂ ಸಾಲಲಿಲ್ಲ. ಸದ್ಯ ಮೆಟ್ಟಲಾ ಮಾಡ್ಸೀನಿ. ಮುಂದ ನೋಡೋಣಂತ."

ಅವಳು ಕುರ್ಚಿ ತಿರುಗಿಸಿ ಗೇಟಿನ ತನಕ ಹೋದಳು, ಮತ್ತೆ ಬಂದಳು, ಕಲ್ಲು ಎಣಿಸುತ್ತ. ದಾರಿಗೆ ಇಪ್ಪತ್ತೆಂಟು. ಗೋಡೆಯ ಬುಡದಲ್ಲಿ ಒಡೆದು ಬಿದ್ದಿದ್ದವು ಎರಡು. ಕಟ್ಟೆಯ ಮೇಲೆ ಆ ಕಡೆ ಐದು, ಈ ಕಡೆ ಐದು, ಅದೇ ಒರಟು ಕಲ್ಲು, ಅದೇ ಅಳತೆ. ಕಟ್ಟೆಯ ಸಂದಿಯಲ್ಲಿ ಕೆಂಪಗೆ ಇಣುಕುತ್ತಿತ್ತು ಅವಳ ಮುರುಂ. ಅವಳು ಲೆಕ್ಕ ಹಾಕಿ ತರಿಸಿದ ಏರು ಪೂರ್ತಿ ಆ ಎರಡು ಕಟ್ಟೆಯ ಹೊಟ್ಟೆ ಸೇರಿತ್ತು. ಮೆಟ್ಟಿಲಿನ ಪಾಲಿಶ್ ಕಲ್ಲೋ, ಅವಳು ಬೇಡವೆಂದೇ ಹೇಳಿದ್ದಳು. ಸಾಲಲಿಲ್ಲವಂತೆ! ಸಾಲದವರು ಬೇಡದ ಕಲ್ಲನ್ನು ಬೇರೆ ಕಡೆಯಿಂದ ತರಿಸುತ್ತಾರೆಯೇ?

"ನಲವತ್ತೂ ಇಲ್ಲೇ ಅವ" ಎಂದಳು. "ನನ್ನ ಲೆಕ್ಕ ತಪ್ಪಿಲ್ಲ. ಕಟ್ಟಿ ಯಾರಿಗೆ ಬೇಕಾಗಿತ್ತು?"

ಮಡಿವಾಳಯ್ಯ ಆಕಾಶ ನೋಡಿದ. ಉತ್ತರ ಸಂತೋಷನ ಬಾಯಿಂದ ಬಂತು, ನೆಲ ನೋಡುತ್ತ.

"ಅಕ್ಕಾ, ಐತವಾರ ಕಾಳಗಿಯಿಂದ ಬೀಗರು ಮನಿ ನೋಡ್ಲಿಕ್ಕೆ ಬರಾಕತ್ತಾರ."

ಆ ಕಡೆ ಅದೊಂದು ಪದ್ಧತಿ. ಹುಡುಗನ ಮನೆಯವರು ಹೆಣ್ಣು ನೋಡಿ ಬಂದ ಮೇಲೆ ಹೆಣ್ಣಿನ ಕಡೆಯವರು ಹುಡುಗನ ಮನೆ ನೋಡಲು ಬರುತ್ತಾರೆ. ಬಾವಿ ಇದೆಯೋ ನಳ ಇದೆಯೋ, ಅಡುಗೆಮನೆಗೆ ಗಾಳಿ ಬರುತ್ತದೋ ಇಲ್ಲವೋ, ಎಲ್ಲ ನೋಡುತ್ತಾರೆ. ಮುಂದೆ ಗಂಡಸರು ಕೂರಲು ಕಟ್ಟೆ ಇರಬೇಕು, ಬಾಗಿಲಿಗೆ ಬೆಸ ಸಂಖ್ಯೆಯ ಮೆಟ್ಟಿಲು ಇರಬೇಕು. ಇದ್ದರೆ ಮನೆತನ, ಇಲ್ಲದಿದ್ದರೆ ಏನೋ ಒಂದು ಕೊರತೆ.

"ಬಂದ್ರ ಬರ್ಲಿ. ಇಳಿಜಾರು ಕಂಡ್ರ ಏನಾಗ್ತಿತ್ತು?"

"ಬಾಗಲದಾಗ ಇಳಿಜಾರು ಯಾಕ ಅಂತ ಕೇಳ್ತಾರವ್ವಾ" ಎಂದ ಮಡಿವಾಳಯ್ಯ. ಈಗ ಅವನ ಧ್ವನಿಯೂ ಏರಿತು. "ಕೇಳಿದ್ರ ಏನಂತ ಹೇಳ್ಲಿ? ಹೆಣ್ಣು ಕೊಡವರು ನೂರು ವಿಚಾರ ಮಾಡ್ತಾರ. ರಕ್ತದಾಗೇ ಏನರೆ ಅದನೋ ಅಂತಾರ. ಕಡೀತನಾ ಇಕಿನ ಸೇವಾ ನಮ್ಮ ಹುಡುಗಿ ಮಾಡಬೇಕೇನು ಅಂತಾರ. ನಿನ್ನ ತಮ್ಮಂದು ಮದುವಿ ಆಗೂದು ಬ್ಯಾಡೇನು? ಮನಿ ಇಜ್ಜತ್ ಅಂಬೂದೊಂದು ಇರ್ತದ."

ನಾನು ಹೇಳುವುದು ಕೇಳಿ, ಜನ ಕೆಟ್ಟ ಮಾತನ್ನು ಕೆಟ್ಟ ಮನಸ್ಸಿನಿಂದ ಆಡಿದರೆ ಅದನ್ನು ತಡೆದುಕೊಳ್ಳಬಹುದು. ಅಪ್ಪನಾದವನು ನ್ಯಾಯ ಹೇಳುವ ಮುಖ ಮಾಡಿಕೊಂಡು ಹೀಗಂದರೆ ಎಲ್ಲಿ ಹಾಕಿಕೊಳ್ಳುವುದು ಅದನ್ನು? ಭುವನೇಶ್ವರಿ ಬ್ರೇಕು ಹಾಕಿದಳು, ತೆಗೆದಳು.

"ದಸ್ತಗೀರ ಕಾಕಾ, ನಿನಗ ಗೆರಿ ತೋರಿಸಿದ್ದೆ ನಾ."

ಮೂಲೆಯಲ್ಲಿ ತನ್ನ ಕರಣಿ, ಸುತ್ತಿಗೆ ಕಟ್ಟಿಕೊಳ್ಳುತ್ತಿದ್ದ ದಸ್ತಗೀರ ತಲೆ ಎತ್ತಲಿಲ್ಲ. "ಅಯ್ಯಾರು ಹೇಳಿದ್ರು, ನಾ ಮಾಡ್ದೆ ಅಕ್ಕೋರ. ನಿಮಗ ಗೊತ್ತದ ಅಂತ ತಿಳಕೊಂಡೆ."

ಆ ದಿನ ಸಂತೋಷ ಅವಳನ್ನು ಎತ್ತಿ ಮೂರು ಮೆಟ್ಟಿಲು ಹತ್ತಿಸಿದ. ಪಾಲಿಶ್ ಕಲ್ಲಿನ ಮೇಲೆ ಅವನ ಚಪ್ಪಲಿ ಜಾರಿದಾಗ ಅವಳು ಅವನ ಕೊರಳು ಬಿಗಿಹಿಡಿದಳು, ಹಿಡಿದದ್ದಕ್ಕೆ ತನ್ನ ಮೇಲೆಯೇ ಹೇಸಿಕೊಂಡಳು. ಮೊದಲು ಮಣ್ಣಿನ ಏರಾದರೂ ಇತ್ತು. ಈಗ ಅದೂ ಹೋಯಿತು.

"ಒಂದು ಐತವಾರದ ಮಾತು ಅಕ್ಕಾ, ಜರಾ ಅಡ್ಜಸ್ಟ್ ಮಾಡ್ಕೋ" ಎಂದ ಸಂತೋಷ.

"ಮತ್ತ ನೀ ಮುಂದಿನ ತಿಂಗಳ ನಸುಕಿನಾಗ ಹೋದ ಮ್ಯಾಲ?"

ಅವನು ಕುರ್ಚಿ ತರುತ್ತೇನೆಂದು ಮೆಟ್ಟಿಲಿಳಿದು ಹೋದ.

ಶನಿವಾರ ಮಡಿವಾಳಯ್ಯ ಮತ್ತೆ ಅಕ್ಕರೆಯ ಧ್ವನಿ ತೆಗೆದ. ಚಿಕ್ಕವ್ವ ನೆನಪು ಮಾಡಿಕೊಳ್ಳುತ್ತಿದ್ದಾಳಂತೆ, ಸೇಡಂಗೆ ಹೋಗಿ ಬರಬಾರದೇ ಎಂದ. ಭುವನೇಶ್ವರಿ ಒಲ್ಲೆ ಎಂದಳು. ಹಾಗಾದರೆ ಬೀಗರು ಹೋಗುವ ತನಕ ಹಿಂದಿನ ಕೋಣೆಯಲ್ಲಿ ಇರು, ನಾಲ್ಕು ಜನ ಬರುತ್ತಾರೆ, ಜಾಗ ಇಕ್ಕಟ್ಟು ಎಂದ. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಶರಣಬಸಮ್ಮ ಮಗಳ ತಲೆಗೆ ಎಣ್ಣೆ ಹಚ್ಚುತ್ತ, "ನನ್ನ ಮಾತು ಈ ಮನಿಯಾಗ ಯಾರು ಕೇಳ್ತಾರವ್ವಾ" ಎಂದು ಅತ್ತಳು. ಮಗಳಿಗೆ ತಾಯಿಯ ಮೇಲೂ ಸಿಟ್ಟು ಬಂತು. ಅಳುವುದನ್ನು ಬಿಟ್ಟು ಒಂದು ಸಲ ಬಾಯಿ ತೆಗೆಯಬಾರದೇ ಈಕೆ?

ಐತವಾರ ಬೀಗರು ಬಂದರು. ಹುಡುಗಿಯ ತಂದೆ ರೇವಣಸಿದ್ದಯ್ಯ, ಅವನ ಅಕ್ಕ ದಾನಮ್ಮ, ಜೊತೆಗೆ ಹಿರಿಯರು ಇಬ್ಬರು. ಹಿಂದಿನ ಕೋಣೆಯಲ್ಲಿ ಕೂತ ಭುವನೇಶ್ವರಿಗೆ ಅಂಗಳದ ಮಾತೆಲ್ಲ ಕೇಳುತ್ತಿತ್ತು. ಕಾಲು ತೊಳೆಯಲು ನೀರು ಕೊಟ್ಟದ್ದು, ಬಿಸಿಲಿನ ಮಾತು, ತೊಗರಿಯ ಮಾತು. ಗಂಡಸರು ಕಟ್ಟೆಯ ಮೇಲೆ ಕೂತರು. ದಾನಮ್ಮನೂ ಒಳಗೆ ಸೆಕೆ ಎಂದು ಅಲ್ಲೇ ಕೂತಳು.

"ಭಾಳ ಛಂದ ಹಾಸ್ಸೀರಿ" ಎಂದ ರೇವಣಸಿದ್ದಯ್ಯ. ಪರಸಿಯ ಮೇಲೆ ಕಾಲು ಬಡಿದು ನೋಡಿದ ಸದ್ದು ಕೇಳಿತು. "ಒಂದು ಕಲ್ಲು ಅಳ್ಳಾಡಂಗಿಲ್ಲ ನೋಡ್ರಿ. ನಮ್ಮಲ್ಲಿ ಹಾಕ್ಸಿದ್ದು ಎರಡೇ ವರ್ಷದಾಗ ಎದ್ದು ಕುಂತಾವ. ಕೆಳಗ ಏನ್ ಹಾಕ್ಸೀರಿ?"

"ಮುರುಂ ರೀ. ಒಂದು ಗೇಣು ಕರಿಮಣ್ಣು ತಗದು, ಮುರುಂ ಕುಟ್ಟಿಸಿ, ಉಸುಕು ಹಾಕಿ ಆಮ್ಯಾಲ ಕಲ್ಲು."

"ಲೆಕ್ಕ ಯಾರು ಹಾಕಿದ್ರು?"

"ಅಂದಾಜ ನಂದೇ ರೀ. ಕಣ್ಣಳತಿ" ಎಂದು ಮಡಿವಾಳಯ್ಯ ನಕ್ಕ.

ಎಲಾ!

ತಪ್ಪಿದ್ದರೆ ಅವಳ ಲೆಕ್ಕ, ಸರಿಯಿದ್ದರೆ ಅವನ ಅಂದಾಜು. ಇಳಿಜಾರು ನುಂಗಿದ್ದನ್ನು ನುಂಗಿಕೊಂಡಿದ್ದಳು, ಕೋಣೆಯಲ್ಲಿ ಬಚ್ಚಿಟ್ಟದ್ದನ್ನೂ ಹಲ್ಲು ಕಚ್ಚಿ ಸಹಿಸಿದ್ದಳು. ಇದನ್ನು ಸಹಿಸಲಾಗಲಿಲ್ಲ. ಬ್ರೇಕು ತೆಗೆದಳು. ಪಡಸಾಲೆಯ ಪರಸಿಯ ಮೇಲೆ ಗಾಲಿ ಗಡಗಡ ಎಂದಿತು. ಸೀಮೆಸುಣ್ಣದ ಗೆರೆಗಳನ್ನು ಯಾರೋ ಒರೆಸಿದ್ದರು, ಅರೆಬರೆ ಇನ್ನೂ ಕಾಣುತ್ತಿದ್ದವು. ಮೆಟ್ಟಿಲಿನ ಅಂಚಿಗೆ ಮುಂದಿನ ಗಾಲಿ ಬರುವ ತನಕ ಅವಳು ನಿಲ್ಲಲಿಲ್ಲ.

ಕಟ್ಟೆಯ ಮೇಲಿನವರೆಲ್ಲ ತಿರುಗಿದರು. ಸಂತೋಷ ಓಡಿ ಬಂದು ಕೈ ಚಾಚಿದ.

"ಮುಟ್ಟಬ್ಯಾಡ ನನ್ನ" ಎಂದಳು. ಅವನ ಕೈ ಅಲ್ಲೇ ನಿಂತಿತು.

ರೇವಣಸಿದ್ದಯ್ಯ ಚಹಾದ ಕಪ್ಪು ಕೆಳಗಿಟ್ಟ. "ಇವರು ಯಾರ್ರಿ?"

ಮಡಿವಾಳಯ್ಯನ ಬಾಯಿ ತೆರೆಯಿತು. ನೆಂಟರವಳು ಎನ್ನಲಿದ್ದನೋ, ಬಾಜು ಮನೆಯವಳು ಎನ್ನಲಿದ್ದನೋ, ಯಾರಿಗೆ ಗೊತ್ತು? ಅಷ್ಟರಲ್ಲಿ ಹಿಂದಿನಿಂದ ಶರಣಬಸಮ್ಮನ ಧ್ವನಿ ಬಂತು, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದೇ.

"ನಮ್ಮ ಹಿರೇ ಮಗಳ್ರಿ. ಭುವನೇಶ್ವರಿ. ತಾಲೂಕು ಕಚೇರಿಯಾಗ ನೌಕರಿ ಮಾಡ್ತಾಳ."

"ಮಗಳೇನ್ರಿ!" ಎಂದಳು ದಾನಮ್ಮ. "ಮದುವಿ ಮಾತಾಡ್ಲಿಕ್ಕೆ ಬಂದಾಗ ಒಬ್ಬನೇ ಮಗ ಅಂದಿದ್ರಲ್ರಿ ಅಯ್ಯಾರ? ಮಗಳದಾಳಂತ ಹೇಳೇ ಇಲ್ಲಲ್ರಿ?"

ಒಬ್ಬನೇ ಮಗ. ಭುವನೇಶ್ವರಿಗೆ ಇದು ಗೊತ್ತಿರಲಿಲ್ಲ. ಕಟ್ಟೆ ಗೊತ್ತಿತ್ತು, ಮೆಟ್ಟಿಲು ಗೊತ್ತಿತ್ತು, ಕೋಣೆ ಗೊತ್ತಿತ್ತು. ಇಷ್ಟು ದೂರ ಹೋಗಿದ್ದಾನೆಂದು ಗೊತ್ತಿರಲಿಲ್ಲ. ಅಪ್ಪನನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ. ಅಳು ಬರುವಂತಾಯಿತು, ಬಿಡಲಿಲ್ಲ.

"ಇವರ ಲೆಕ್ಕದಾಗ ನಾ ಬಿಟ್ಟು ಹೋಗೀನ್ರಿ" ಎಂದಳು. "ನನ್ನ ಲೆಕ್ಕದಾಗ ಯಾರೂ ಬಿಟ್ಟು ಹೋಗಿದ್ದಿಲ್ಲ. ನೀವು ಛಂದ ಅಂದ್ರಲ್ಲ, ಆ ಹಾಸಿನ ಲೆಕ್ಕ ನಂದು. ನಲವತ್ತು ಕಲ್ಲು. ಈ ಬಾಗಲದಿಂದ ಗೇಟಿನ ತನಕ ಇಳಿಜಾರು ಆಗಬೇಕಾಗಿತ್ತು, ಯಾರೂ ಎತ್ತದಂಗ ನಾನೇ ಹೋಗಿ ಬರಲಿಕ್ಕೆ. ಕಲ್ಲು ಸಾಲಲಿಲ್ಲ ಅಂದ್ರು ನಮ್ಮಪ್ಪ. ಎಲ್ಲಿಗಿ ಹೋದ್ವು ಗೊತ್ತೇನ್ರಿ? ನೀವು ಅದರ ಮ್ಯಾಲೇ ಕುಂತೀರಿ."

ಮೊದಲು ಎದ್ದವಳು ದಾನಮ್ಮ. ಸೆರಗು ಕೊಡವಿಕೊಂಡು, ತಾನು ಕೂತಿದ್ದ ಕಲ್ಲನ್ನು ಒಮ್ಮೆ ನೋಡಿ, ಪಕ್ಕಕ್ಕೆ ಸರಿದು ನಿಂತಳು. ಆಮೇಲೆ ಹಿರಿಯರಿಬ್ಬರು ಎದ್ದರು. ಕೊನೆಗೆ ರೇವಣಸಿದ್ದಯ್ಯ ಎದ್ದ. ಎರಡೂ ಕಟ್ಟೆ ಖಾಲಿಯಾದವು. ಮಡಿವಾಳಯ್ಯ ಒಬ್ಬನೇ ಕೂತಿದ್ದ, ತಾನೂ ಏಳಬೇಕೋ ಬೇಡವೋ ತಿಳಿಯದೆ.

"ಮಡಿವಾಳಯ್ಯಾರ" ಎಂದ ರೇವಣಸಿದ್ದಯ್ಯ. ಅವನಿಗೂ ಸಿಟ್ಟು ಬಂದಿತ್ತು, ತನ್ನನ್ನು ಏಮಾರಿಸಿದ ಸಿಟ್ಟು. "ಹೆತ್ತ ಮಗಳನ್ನೇ ಮುಚ್ಚಿಟ್ಟ ಮನಿಗೆ ನನ್ನ ಮಗಳನ್ನ ಹ್ಯಾಂಗ ಕೊಡ್ಲಿ ಹೇಳ್ರಿ. ನಾಳೆ ಆಕಿಗೆ ಜಡ್ಡಾದ್ರ ಆಕಿನ್ನೂ ಹಿಂಗೇ ಒಳಗ ಮುಚ್ಚಿಡ್ತೀರಿ. ಮೊದಲ ಇಕಿನ ದಾರಿ ಮಾಡ್ರಿ. ಆಮ್ಯಾಲ ಮಾತು."

ಉಪ್ಪಿಟ್ಟು ಮುಟ್ಟದೆ ಹೋದರು. ಅವರ ಜೀಪು ತಿರುವು ದಾಟುವ ತನಕ ಮಡಿವಾಳಯ್ಯ ಗೇಟಿನಲ್ಲಿ ಕೈ ಮುಗಿದುಕೊಂಡೇ ನಿಂತಿದ್ದ. ಒಳಗೆ ಬಂದು ಮಗಳನ್ನು ದಾಟಿ ಹೋಗುವಾಗ, "ತಮ್ಮನ ಸಂಸಾರಕ್ಕ ಬೆಂಕಿ ಹಚ್ಚಿದಿ" ಎಂದ. ಶರಣಬಸಮ್ಮ ಉಪ್ಪಿಟ್ಟಿನ ತಟ್ಟೆ ತಂದು ಮಗಳ ತೊಡೆಯ ಮೇಲಿಟ್ಟಳು.

ಮರುದಿನ ಬೆಳಗಾಗುತ್ತಲೇ ಅಂಗಳದಲ್ಲಿ ಹಾರೆಯ ಸದ್ದು. ದಸ್ತಗೀರ ಬಂದಿದ್ದ. ಮಡಿವಾಳಯ್ಯ ಸೊಂಟಕ್ಕೆ ಟವೆಲ್ ಬಿಗಿದು, ನೋವು ಮರೆತು, ಕಟ್ಟೆಯ ಕಲ್ಲು ತಾನೇ ಮೀಟುತ್ತಿದ್ದ. ಸಂತೋಷ ಮೆಟ್ಟಿಲಿನ ಪಾಲಿಶ್ ಕಲ್ಲು ಕಿತ್ತು ಗೋಡೆಗೆ ಒರಗಿಸುತ್ತಿದ್ದ. ವಾರವಿಡೀ ಕೆಲಸ ನಡೆಯಿತು. ಕಟ್ಟೆಯ ಹೊಟ್ಟೆಯಿಂದ ಹೊರಬಿದ್ದ ಮುರುಂ ಏರಿಗೆ ಹೋಯಿತು. ದಸ್ತಗೀರ ಈ ಸಲ ಪ್ರತಿ ಸಾಲಿಗೂ ಬಂದು, "ಇಷ್ಟು ಇಳಿಜಾರು ಸಾಕೇನ್ ಅಕ್ಕೋರ?" ಎಂದು ಕೇಳಿದ. ಅವಳು ಹೂಂ, ಉಹೂಂ ಅಷ್ಟೇ ಹೇಳಿದಳು. ಕೆಲಸ ಮುಗಿದಾಗ ಗೋಡೆಯ ಬುಡದಲ್ಲಿ ಒಡೆದ ಎರಡರ ಪಕ್ಕದಲ್ಲಿ ಇಡೀ ಕಲ್ಲು ಎರಡು ಉಳಿದಿದ್ದವು. ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ.

ತಿಂಗಳು ಬದಲಾಯಿತು. ಸಂತೋಷ ನಸುಕಿನಲ್ಲೇ ವಾಡಿಗೆ ಹೋಗಿದ್ದ. ಕಾಳಗಿಯಿಂದ ಇನ್ನೂ ಫೋನು ಬಂದಿರಲಿಲ್ಲ. ಭುವನೇಶ್ವರಿ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಬಂದಳು. ಮಡಿವಾಳಯ್ಯ ಅಲ್ಲೇ ಕಾಯುತ್ತಿದ್ದ, ಬಹುಮಾನ ಕೊಡಲು ನಿಂತವನ ಮುಖ ಹೊತ್ತು.

"ನೋಡವ್ವಾ, ನೀ ಹೇಳಿದಂಗೇ ಆತಲ್ಲ" ಎಂದ. "ಬೀಗರಿಗೂ ಫೋನ್ ಮಾಡಿ ಹೇಳೀನಿ, ದಾರಿ ಆತು, ಬಂದು ನೋಡ್ರಿ ಅಂತ. ಫೋಟೋನೂ ಕಳಿಸೀನಿ. ಈಗರೆ ಸಿಟ್ಟು ಹೋತಿಲ್ಲ?"

"ಇಲ್ಲ."

ಅವನ ಮುಖ ಇಳಿಯಿತು. "ಇನ್ನೇನ್ ಮಾಡಬೇಕವ್ವಾ ನಾ?"

"ನಾ ಹೇಳಿದಾಗ ಕಲ್ಲು ಸಾಲಲಿಲ್ಲ ಅಪ್ಪಾ. ಬೀಗರು ಹೇಳಿದ ಮರುದಿನ ಸಾಲಿದ್ವು."

ಮಡಿವಾಳಯ್ಯ ಕುರ್ಚಿಯ ಹಿಂದೆ ಬಂದು ಹಿಡಿಕೆಗೆ ಕೈ ಹಾಕಿದ. "ಮೊದಲನೇ ಸಲ ಅದ, ನಾ ಹಿಡೀತೀನಿ."

"ಕೈ ತಗಿ."

ತೆಗೆದ. ಅವಳು ಬ್ರೇಕು ಬಿಟ್ಟು, ಎರಡೂ ಅಂಗೈಯನ್ನು ಗಾಲಿಗೆ ಒತ್ತಿ ಹಿಡಿದು, ಇಳಿಜಾರಿಗೆ ಇಳಿದಳು. ಒರಟು ಕಲ್ಲು ಗಾಲಿಯನ್ನು ಹಿಡಿದು ಹಿಡಿದು ಬಿಟ್ಟಿತು. ಎದುರು ಮನೆಯಾಕೆ ಹಲ್ಲುಜ್ಜುವುದನ್ನು ನಿಲ್ಲಿಸಿದಳು. ಗೇಟಿನ ಹತ್ತಿರ ಮೂರು ಕಲ್ಲಿನ ಚೌಕದಲ್ಲಿ ಕುರ್ಚಿ ತಿರುಗಿಸಿದಳು, ಎಲ್ಲಿಯೂ ತಾಗಲಿಲ್ಲ. ಸ್ಕೂಟರಿಗೆ ತಾನೇ ದಾಟಿಕೊಂಡಳು, ಸರಿದ ಸೆರಗನ್ನು ತನ್ನ ಕೈಯಿಂದಲೇ ಸರಿಮಾಡಿಕೊಂಡಳು. ಬಾಗಿಲಲ್ಲಿ ಅಪ್ಪ 'ಸಂಜಿಗೆ ಜಲ್ದಿ ಬಾ' ಎಂದು ಕೂಗಿದ್ದು ಕೇಳಿತು. ಅವಳು ಸ್ಕೂಟರ್ ಚಾಲೂ ಮಾಡಿ ಕಚೇರಿಗೆ ಹೋದಳು.